ಹೊಂದಿಕೆ ನೂರಕ್ಕೆ ನೂರು

ಪರದೆಯ ಮೇಲೆ ನೂರು ಎಂಬ ಅಂಕಿ ಮೂಡಿದಾಗ ನನ್ನ ಬೆನ್ನ ಹಿಂದೆ ಮೂವರು ನಿಂತಿದ್ದರು. ಅವರಲ್ಲಿ ಒಬ್ಬನ ಹೆಂಡತಿಯನ್ನು ಐದು ದಿನಗಳ ಹಿಂದೆ ಹುಲಿ ಕೊಂದಿತ್ತು.

ಅವನು ಬೊಮ್ಮ. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಅವನ ಮುಂದೆ ವಲಯ ಅರಣ್ಯಾಧಿಕಾರಿ ತೀರ್ಥಪ್ರಸಾದ್, ಪಕ್ಕದಲ್ಲಿ ಎಸ್ಟೇಟಿನ ರೈಟರ್ ಲೋಕೇಶ್. ಲೋಕೇಶನ ಕಂಕುಳಲ್ಲಿ ಹಾಜರಿ ಪುಸ್ತಕ ಇತ್ತು. ನಾಲ್ಕು ದಿನಗಳಿಂದ ಅದರಲ್ಲಿ ಯಾರ ಹೆಸರಿನ ಮುಂದೆಯೂ ಗುರುತು ಬಿದ್ದಿರಲಿಲ್ಲ.

ಹುಲಿ ಸಿಕ್ಕಿತ್ತು. ಒಂದು ಹುಲಿ ಸಿಕ್ಕಿತ್ತು ಎನ್ನಬೇಕು. ಬೊಮ್ಮನ ಹೆಂಡತಿ ರಂಗಮ್ಮ ಬಿದ್ದದ್ದು ಹೊಳೆಯ ಬದಿಯ ಬ್ಲಾಕಿನಲ್ಲಿ. ಅಲ್ಲಿಂದ ಇನ್ನೂರು ಮಾರು ದೂರದಲ್ಲಿ ಇಟ್ಟ ಬೋನಿಗೆ ನಿನ್ನೆ ನಸುಕಿನಲ್ಲಿ ಅದು ಬಿದ್ದಿತು. ಗಂಡು. ಎರಡು ವರ್ಷದ ಆಸುಪಾಸು. ಪರೀಕ್ಷೆಗೆಂದು ಸ್ವಲ್ಪ ರಕ್ತ ತೆಗೆದಿಟ್ಟು, ಲಾರಿಗೆ ಏರಿಸಿ ಒಯ್ದೂ ಆಗಿತ್ತು. ಆದರೆ ಕೂಲಿಯವರ ಲೈನ್ ಮನೆಗಳ ಜನ ಕೆಲಸಕ್ಕೆ ಇಳಿಯಲಿಲ್ಲ. ಅದೇ ಹುಲಿ ಅಂತ ಗೊತ್ತಿರುವವರು ಯಾರಾದರೂ ಬಂದು ಹೇಳಲಿ ಎಂದು ಪಟ್ಟು ಹಿಡಿದವಳು ರಂಗಮ್ಮನ ತಂಗಿ ಕಾಳಿ. ಅಕ್ಕನನ್ನು ಎಳೆದಾಗ ಎರಡು ಗಿಡದ ಆಚೆ ಕಾಫಿ ಹಣ್ಣು ಕೊಯ್ಯುತ್ತಿದ್ದವಳು. ಹೆಣವನ್ನು ಯಾರೂ ಮುಟ್ಟುವ ಮೊದಲೇ, ಅಕ್ಕನ ಕುತ್ತಿಗೆಗೆ ಜಾರಿದ್ದ ತಲೆಬಟ್ಟೆಯನ್ನು ಬಿಚ್ಚಿ, ಒಣಗಿಸಿ, ಹೊಸ ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದಳು. ನಾನು ನಿನ್ನೆ ಬಂದಾಗ ಅದನ್ನು ನನ್ನ ಕೈಗೆ ಕೊಟ್ಟು, "ಇದ್ರಲ್ಲಿ ಅದ್ರ ಎಂಜಲು ಉಂಟು" ಎಂದಳು. ಅಷ್ಟು ಸರಿಯಾಗಿ ಸಾಕ್ಷ್ಯ ಎತ್ತಿಡುವುದನ್ನು ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆ ಕಲಿಸಲು ಒಂದು ತಿಂಗಳು ಬೇಕು.

ನನ್ನ ಊರು ಮಾದಾಪುರ. ಕೆಲಸ ಮೈಸೂರಿನಲ್ಲಿ. ಅಂಗೈಯಷ್ಟಿರುವ ಒಂದು ಯಂತ್ರವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಅದು ಡಿಎನ್‌ಎ ಎಳೆಯನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಇರುವುದು ನಾಲ್ಕೇ ಅಕ್ಷರ. ಓದಿದ್ದನ್ನು ಸಾಫ್ಟ್‌ವೇರ್ ಒಂದರ ಕೆಳಗೆ ಒಂದು ಜೋಡಿಸಿ, ಎಲ್ಲಿ ಹೊಂದುತ್ತದೆ, ಎಲ್ಲಿ ಇಲ್ಲ ಎಂದು ಎಣಿಸಿ ತೋರಿಸುತ್ತದೆ. ನನ್ನ ಕೆಲಸ ಕಸ ಸೋಸುವುದು, ಜೋಡಿಸಲು ಹಚ್ಚುವುದು, ಆಮೇಲೆ ಬಂದ ಅಂಕಿಗೆ ಎಷ್ಟು ಅರ್ಥ ಇದೆ ಎಂದು ಹೇಳುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ನನಗೆ ಸಂಬಳ.

"ಎಂತ ಬಂತ್?" ತೀರ್ಥಪ್ರಸಾದ್ ಅರೆಭಾಷೆಯಲ್ಲಿ ಕೇಳಿದರು. ನಾನೂ ಗೌಡರ ಮನೆಯವಳು ಎಂದು ತಿಳಿದ ಮೇಲೆ ಅವರು ನನ್ನೊಡನೆ ಬೇರೆ ಕನ್ನಡ ಆಡಿಲ್ಲ.

"ಹೊಂದಿಕೆ ನೂರಕ್ಕೆ ನೂರು" ಎಂದೆ. "ಬಟ್ಟೆಯಲ್ಲಿ ಸಿಕ್ಕಿದ್ದು, ಬೋನಿನ ಹುಲಿಯದ್ದು. ಈ ತುಂಡಿನಲ್ಲಿ."

"ಹಂಗಾರೆ ಅದೇ."

ಇಲ್ಲಿ ಹೇಳಬೇಕಾದ ಇನ್ನೊಂದು ವಾಕ್ಯ ಇತ್ತು. ಈ ತುಂಡು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವಂಥದ್ದು. ತಾಯಿಗೂ ಅದೇ, ಅವಳ ಎಲ್ಲ ಮರಿಗಳಿಗೂ ಅದೇ. ನಮ್ಮಲ್ಲಿ ಮನೆತನದ ಹೆಸರು ಹಿಡಿದು ಕೂಗಿದರೆ ಸಂತೆಯಲ್ಲಿ ಹತ್ತು ಜನ ತಿರುಗುತ್ತಾರಲ್ಲ, ಹಾಗೆ. ಹಳಸಿದ ಎಂಜಲಿನಲ್ಲಿ ಬೇಗ ಸಿಗುವುದು ಅದೊಂದೇ ಎಂದು ಮೊದಲು ಅದನ್ನು ಓದಿಸುತ್ತೇವೆ. ಇಂಥದ್ದೇ ಹುಲಿ ಎಂದು ಬೆರಳಿಟ್ಟು ತೋರಿಸುವ ಪರೀಕ್ಷೆ ಬೇರೆ. ಅದು ಇನ್ನೂ ಓಡುತ್ತಿತ್ತು.

ವಾಕ್ಯ ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಬೊಮ್ಮ ಕೇಳಿದ.

"ಅದೇನಾ ಮೇಡಂ?"

ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ನೀರೂ ಇರಲಿಲ್ಲ. ಐದು ದಿನ ನಿದ್ದೆ ಇಲ್ಲದವನ ಕಣ್ಣು. ಅವನಿಗೆ ಏನಾದರೂ ಒಂದನ್ನು ಕೊಡಬೇಕು ಅನ್ನಿಸಿತು. ನನ್ನ ಹತ್ತಿರ ಕೊಡಲು ಇದ್ದದ್ದು ಒಂದೇ ಮಾತು.

"ಹೌದು" ಎಂದೆ.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ತೀರ್ಥಪ್ರಸಾದ್ ಫೋನು ಕಿವಿಗಿಟ್ಟು ಅಂಗಳಕ್ಕೆ ಇಳಿದರು. ಮ್ಯಾಚ್ ಆಯ್ತು ಸಾರ್, ನೂರಕ್ಕೆ ನೂರು. ನಾನು ಹಿಂದೆಯೇ ಹೋಗಿ, "ಸಾರ್, ಇನ್ನೊಂದು ಪರೀಕ್ಷೆ ಓಡ್ತಾ ಉಂಟು" ಎಂದೆ. ಅವರು ಫೋನನ್ನು ಎದೆಗೆ ಒತ್ತಿಕೊಂಡು, "ಅದ್ ನಿಮ್ಮ ಪುಸ್ತಕಕ್ಕೆ. ನಂಗೆ ಇಷ್ಟ್ ಸಾಕ್" ಎಂದು ಜೀಪು ಹತ್ತಿದರು. ಜೀಪು ವಿರಾಜಪೇಟೆ ಕಡೆಗೆ ಹೋಯಿತು.

ಲೋಕೇಶ್ ಅಷ್ಟರಲ್ಲಿ ಲೈನ್ ಮುಂದೆ ನಿಂತು ಕೂಗುತ್ತಿದ್ದ. "ಬನ್ನಿ ಬನ್ನಿ, ಹುಲಿಗೆ ಸರ್ಟಿಫಿಕೇಟ್ ಸಿಕ್ತು."

"ಸಿಕ್ಕಿದ್ರೆ ನೀನೇ ಮುಂದೆ ನಡಿ ರೈಟ್ರೆ" ಎಂದಿತು ಒಂದು ಹೆಣ್ಣು ದನಿ. "ನಿನ್ ಹೊಟ್ಟೆ ನೋಡಿದ್ರೆ ಹುಲಿ ನಮ್ಮನ್ನ ತಿರುಗಿ ನೋಡಲ್ಲ." ಐದು ದಿನಗಳಲ್ಲಿ ಮೊದಲ ಸಲ ಅಲ್ಲಿ ನಗು ಕೇಳಿಸಿತು.

ಕಾಳಿ ಮಾತ್ರ ನೇರ ನನ್ನ ಕಿಟಕಿಗೆ ಬಂದಳು. ಸೊಂಟಕ್ಕೆ ಗೋಣಿಯ ತುಂಡು ಕಟ್ಟಿಕೊಂಡು ಹೊರಟು ನಿಂತಿದ್ದಳು.

"ರೈಟರ್ ಬಾಯಿಂದ ಕೇಳಿದೆ. ನಿಮ್ ಬಾಯಿಂದ ಕೇಳ್ತೀನಿ."

"ಇಲ್ಲಿವರೆಗೆ ಬಂದದ್ದು ಹಾಗೇ ಹೇಳ್ತದೆ ಕಾಳಿ."

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಇಲ್ಲಿವರೆಗೆ ಎಂಬುದನ್ನು ಅವಳು ಕೇಳಿಸಿಕೊಳ್ಳಲಿ ಎಂದು ನಾನು ಹೇಳಿದ್ದೆ, ಕೇಳಿಸಿಕೊಳ್ಳದಿರಲಿ ಎಂದೂ ಹೇಳಿದ್ದೆ. ಅವಳು ತಲೆಬಟ್ಟೆ ಬಿಗಿದುಕೊಂಡು ಹೋದಳು.

ಲೋಕೇಶನೂ ಸೇರಿ ಇಪ್ಪತ್ತಮೂರು ಜನ ಹೊಳೆಯ ಬದಿಯ ಬ್ಲಾಕಿಗೆಂದು ಇಳಿಜಾರಿನಲ್ಲಿ ಮರೆಯಾದರು. ಅವರ ಹಿಂದೆ ಬೊಮ್ಮ. ಅವನ ಬಳಿ ಚೀಲ ಇರಲಿಲ್ಲ. ವೀಳ್ಯದೆಲೆ, ಹೊಗೆಸೊಪ್ಪು ಕಟ್ಟಿದ ಒಂದು ಸಣ್ಣ ಗಂಟು. ಅವಳು ಬಿದ್ದ ಜಾಗದಲ್ಲಿ ಇಟ್ಟು ಬರುತ್ತೇನೆ, ಇಷ್ಟು ದಿನ ಯಾರೂ ಬಿಡಲಿಲ್ಲ ಎಂದು ಸಾಹುಕಾರರಿಗೆ ಹೇಳಿ ಹೋದನಂತೆ.

ಸಾಹುಕಾರರು ಚೆಂಗಪ್ಪ. ಕೊಡವರು, ಅರವತ್ತು ದಾಟಿದವರು. ಅವರ ಮನೆಯ ಆಫೀಸು ಕೋಣೆಯಲ್ಲಿಯೇ ನನ್ನ ಯಂತ್ರ. ಅವರೇ ಕಾಫಿ ತಂದು ಮೇಜಿನ ತುದಿಗೆ ಇಟ್ಟರು.

"ಮುಗೀತಲ್ಲ ಮಗಳೆ. ಇನ್ನು ಇದು ಎಂಥಕ್ಕೆ ಓಡ್ತಾ ಉಂಟು?"

"ಸ್ವಲ್ಪ ಬಾಕಿ ಉಂಟು ಅಂಕಲ್."

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆ ಬಾಕಿ ಬಂತು.

ಹೆಣ್ಣಿಗೂ ಗಂಡಿಗೂ ಇರುವ ಒಂದು ಜೀನು ಇದೆ. ಗಂಡಿನಲ್ಲಿ ಅದರ ಎರಡು ಪ್ರತಿಗಳಲ್ಲಿ ಒಂದು ಮೂರು ಅಕ್ಷರ ಚಿಕ್ಕದು. ಬೋನಿನ ಹುಲಿಯ ಓದುಗಳಲ್ಲಿ, ಅಂದರೆ ಯಂತ್ರ ಓದಿದ ತುಣುಕುಗಳಲ್ಲಿ, ಅರ್ಧ ಉದ್ದದವು, ಅರ್ಧ ಗಿಡ್ಡವು. ಗಂಡು ಹುಲಿಗೆ ಹಾಗೆಯೇ ಇರಬೇಕು. ಬಟ್ಟೆಯ ಎಂಜಲಿನಲ್ಲಿ ಇನ್ನೂರ ಹನ್ನೆರಡು ಓದುಗಳು. ಅಷ್ಟೂ ಉದ್ದದವು. ಗಿಡ್ಡದ್ದು ಒಂದೂ ಇಲ್ಲ.

ನನ್ನ ಮೊದಲ ಯೋಚನೆ: ಇದು ರಂಗಮ್ಮ. ಅವಳ ಬಟ್ಟೆ, ಅವಳ ಬೆವರು, ಅವಳ ರಕ್ತ. ಹೆಣ್ಣು. ಉದ್ದದವು ಬರದೆ ಇನ್ನೇನು ಬರುತ್ತವೆ? ಎದೆ ಸ್ವಲ್ಪ ಹಗುರಾಯಿತು. ಓದುಗಳನ್ನು ಮನುಷ್ಯರ ಡಿಎನ್‌ಎ ಜೊತೆ ಹೋಲಿಸಿ ಸೋಸಲು ಹಾಕಿದೆ. ನಾಲ್ಕು ನಿಮಿಷ. ನೂರ ಎಪ್ಪತ್ತೊಂದು ಓದುಗಳು ರಂಗಮ್ಮನವು. ಅವು ಪರದೆಯಿಂದ ಸರಿದುಹೋದವು. ಐದು ದಿನದ ಹಿಂದೆ ಸತ್ತ ಹೆಂಗಸನ್ನು ಪಕ್ಕಕ್ಕೆ ಸರಿಸಿದ ಮೇಲೆ ನಲವತ್ತೊಂದು ಉಳಿದವು. ಅವೆಲ್ಲ ಹುಲಿಯವು. ಅವೂ ಅಷ್ಟೂ ಉದ್ದದವು.

ಫೈಲಿನ ಹೆಸರುಗಳನ್ನು ಅದಲು ಬದಲು ಮಾಡಿದೆನೇ? ತೆಗೆದು ನೋಡಿದೆ. ಇಲ್ಲ. ಬಟ್ಟೆ ಬಟ್ಟೆಯೇ, ಬೋನು ಬೋನೇ. ಹಳಸಿದ ಮಾದರಿಯಲ್ಲಿ ಒಂದು ಪ್ರತಿ ಕಳೆದುಹೋಗುವುದು ಉಂಟು. ಗಂಡು ಹುಲಿಯೇ ಆಗಿದ್ದು ನಲವತ್ತೊಂದರಲ್ಲಿ ನಲವತ್ತೊಂದೂ ಹೀಗೆ ಬರಲು ಅದೊಂದೇ ದಾರಿ. ಆ ದಾರಿಯನ್ನು ಹಿಡಿದುಕೊಳ್ಳಲು ನನಗೆ ತುಂಬ ಆಸೆಯಿತ್ತು.

ಗುರುತಿನ ಪರೀಕ್ಷೆಯ ಕಿಟಕಿ ತೆರೆದೆ. ಒಂದು ಹುಲಿಯಿಂದ ಇನ್ನೊಂದಕ್ಕೆ ಅಕ್ಷರ ಬದಲಾಗುವ ಜಾಗಗಳು ಅವು. ಅರವತ್ತರಲ್ಲಿ ಈವರೆಗೆ ಹತ್ತೊಂಬತ್ತು ತುಂಬಿದ್ದವು. ಒಂದೇ ಹುಲಿಯಾದರೆ ಹತ್ತೊಂಬತ್ತೂ ಒಂದೇ ಇರಬೇಕು. ಏಳು ಬೇರೆ. ಆದರೆ ಆ ಏಳರಲ್ಲೂ, ಪ್ರತಿಯೊಂದು ಜಾಗದಲ್ಲೂ, ಎರಡು ಅಕ್ಷರಗಳಲ್ಲಿ ಒಂದು ಸಮ ಇತ್ತು. ಪ್ರತಿ ಜಾಗದಲ್ಲೂ ಒಂದನ್ನು ಕೊಟ್ಟವರು, ಒಂದನ್ನು ಪಡೆದವರು.

ತಾಯಿ. ಅಕ್ಕ ಎನ್ನುವುದಕ್ಕೂ ಆಗುತ್ತದೆ, ಹತ್ತೊಂಬತ್ತು ಸಾಲದು. ಸಾಲದು ಎಂಬುದು ಪ್ರಯೋಗಾಲಯದಲ್ಲಿ ಒಳ್ಳೆಯ ಮಾತು. ಇನ್ನು ನಲವತ್ತು ನಿಮಿಷ ಕಾದರೆ ಪೂರಾ ತುಂಬುತ್ತದೆ.

ಮರಿ ಬೋನಿಗೆ ಬಿದ್ದು ಕೂಗಿದ್ದು ಹೊಳೆಯ ಬದಿಯಲ್ಲಿ. ತಾಯಿ ಅದನ್ನು ಹುಡುಕಿಕೊಂಡು ಬರುವುದಿದ್ದರೆ ಬರುವುದು ಅಲ್ಲಿಗೇ. ಇಪ್ಪತ್ತನಾಲ್ಕು ಜನ ಅಲ್ಲಿ ಬೆನ್ನು ಬಗ್ಗಿಸಿ ಗಿಡದೊಳಗೆ ಕೈ ಹಾಕಿ ನಿಂತಿದ್ದಾರೆ. ಯಾಕೆಂದರೆ ನಾನು ಹೌದು ಎಂದೆ.

ಹೊರಗೆ ಬಂದಾಗ ಚೆಂಗಪ್ಪ ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಕಾಲಿನಿಂದ ಸರಿಸುತ್ತಿದ್ದರು.

"ಅಂಕಲ್, ಅವರನ್ನು ವಾಪಸ್ ಕರೀಬೇಕು. ಈಗಲೇ. ಸಿಕ್ಕಿದ್ದು ಬೇರೆ ಹುಲಿ. ಕೊಂದದ್ದು ಹೆಣ್ಣು. ಇದರ ತಾಯಿ ಇರಬೇಕು."

ಅವರ ಕಾಲು ನಿಂತಿತು. "ಬೆಳಿಗ್ಗೆ ನೀನೇ ಅಲ್ವ ಹೇಳಿದ್ದು?"

"ನಾನೇ. ತಪ್ಪು ಹೇಳಿದೆ."

ಅವರು ಬೈಯಲಿಲ್ಲ. ಫೋನು ತೆಗೆದು ಲೋಕೇಶನಿಗೆ ಹಚ್ಚಿದರು. ವ್ಯಾಪ್ತಿಯ ಹೊರಗಿದ್ದಾರೆ. ನಾನು ತೀರ್ಥಪ್ರಸಾದರಿಗೆ ಹಚ್ಚಿದೆ. ಬೇರೆ ಕರೆಯಲ್ಲಿದ್ದಾರೆ.

"ನಾನು ಓಡ್ತೀನಿ" ಎಂದೆ.

"ಒಂದೂವರೆ ಮೈಲಿ ಉಂಟು. ದಾರಿ ಗೊತ್ತಾ ನಿಂಗೆ? ಅರ್ಧ ಗಂಟೆ ಬೇಕು. ಒಬ್ಳನ್ನ ಜಾಸ್ತಿ ಕಳಿಸಿದ ಹಾಗೆ ಆಗ್ತದೆ ಅಷ್ಟೆ."

"ಜೀಪಲ್ಲಿ ಹೋಗಿ ಹಾರ್ನ್ ಹೊಡೆದ್ರೆ?"

"ಜೀಪು ಪಂಪ್‌ಹೌಸ್ ತನಕ. ಹಾರ್ನ್ ಕೇಳಿದ್ರೆ ಚೀಲ ಒಯ್ಯೋಕೆ ಬಂದ್ರು ಅಂತಾರೆ."

"ಕೋವಿ ಉಂಟಲ್ಲ ನಿಮ್ಮಲ್ಲಿ."

"ಆನೆ ಓಡಿಸೋದು ಅಂತ ತಲೆ ಎತ್ತಲ್ಲ ಅವ್ರು. ದಿನಾ ಕೇಳಿ ಕೇಳಿ ಅಭ್ಯಾಸ ಆಗಿದೆ."

ಇಬ್ಬರೂ ಒಂದನ್ನೇ ಯೋಚಿಸುತ್ತಿದ್ದೆವು. ಅದನ್ನು ಹೇಳಿದವಳು ನಾನು, ಹೊರಗಿನವಳಾಗಿ ಹೇಳುವುದು ಸುಲಭವಿತ್ತು.

"ಎರಡು ಹೊಡೆದ್ರೆ?"

ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಸಾವಾದರೆ ಎರಡು, ಒಂದರ ಬೆನ್ನಿಗೆ ಒಂದು. ಅದನ್ನು ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಆ ಮನೆಗೆ ಬರುತ್ತಾರೆ. ತೋಟದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ.

ಚೆಂಗಪ್ಪ ನನ್ನನ್ನು ನೋಡಲಿಲ್ಲ. ಮನೆಯ ಎಡಗಡೆಯ ಕಿಟಕಿಯನ್ನು ನೋಡಿದರು.

"ಅವ್ವ ಒಳಗಿದ್ದಾರೆ" ಎಂದರು.

ಅವರ ತಾಯಿಗೆ ತೊಂಬತ್ತೆರಡು. ಈ ಮನೆಯಿಂದ ಎರಡು ಗುಂಡು ಕೇಳಿದರೆ ಯಾರಿಗೆ ಎಂದು ಸುತ್ತಲಿನ ಯಾವ ಮನೆಯವರೂ ಕೇಳುವುದಿಲ್ಲ. ನೆಂಟರು ಬಟ್ಟೆ ಬದಲಿಸಿ ಹೊರಡುತ್ತಾರೆ. ಅದೂ ಇರಲಿ. ಉಸಿರಾಡುತ್ತಿರುವ ತಾಯಿಯ ಕಿಟಕಿಯ ಕೆಳಗೆ ನಿಂತು ಮಗ ಆ ಎರಡನ್ನು ಹೊಡೆಯಬೇಕು.

"ಖಂಡಿತನಾ ನಿಂಗೆ?" ಎಂದು ಕೇಳಿದರು. ಬೆಳಗಿನಿಂದ ನನ್ನನ್ನು ಯಾರಾದರೂ ಕೇಳಿದ್ದರಲ್ಲಿ ಇದೇ ಸರಿಯಾದ ಪ್ರಶ್ನೆ.

"ಕೆಳಗೆ ಹುಲಿ ಉಂಟು ಅನ್ನೋದು ಖಂಡಿತ ಇಲ್ಲ. ಸಿಕ್ಕಿದ್ದು ಅದೇ ಹುಲಿ ಅಂದೆನಲ್ಲ, ಅದು ತಪ್ಪು ಅನ್ನೋದು ಖಂಡಿತ."

ಕಿಟಕಿಯ ಒಳಗಿನಿಂದ ತೆಳ್ಳಗಿನ ದನಿ ಬಂತು. ಆ ಹುಡುಗಿ ಏನು ಕೇಳ್ತಾಳೆ ಎಂದು ಅವರ ಭಾಷೆಯಲ್ಲಿ. ಚೆಂಗಪ್ಪ ಕಿಟಕಿಯ ಹತ್ತಿರ ಹೋಗಿ, ಸರಳಿಗೆ ಹಣೆ ಹತ್ತಿಸಿ, ತಗ್ಗಿದ ದನಿಯಲ್ಲಿ ಹೇಳಿದರು. ನಾನು ಗಡಿಯಾರ ನೋಡಿದೆ. ಹನ್ನೊಂದು ಇಪ್ಪತ್ತೊಂಬತ್ತು.

"ಕೆಳಗೆ ಎಷ್ಟು ಜನ?" ಈ ಸಲ ಅಜ್ಜಿ ಕನ್ನಡದಲ್ಲಿ ಕೇಳಿದರು. ನನಗೇ ಕೇಳಿದ್ದು.

"ಇಪ್ಪತ್ತನಾಲ್ಕು ಅಜ್ಜಿ."

"ಬೊಮ್ಮನೂ?"

"ಹೌದು."

"ಹೊಡಿ" ಎಂದರು ಮಗನಿಗೆ. "ನನಗೇ ಅಂತ ತಿಳ್ಕೊಳ್ಳಲಿ. ಹೇಗೂ ನನ್ನ ಗುಂಡು ನನಗೆ ಕೇಳೋಕೆ ಸಿಗ್ತಿರಲಿಲ್ಲ."

ಚೆಂಗಪ್ಪ ಒಳಗೆ ಹೋಗಿ ಜೋಡುನಳಿಗೆಯ ಕೋವಿ ತಂದರು. ತೋಟಾ ತುಂಬುವಾಗ ಒಂದು ಕೈತಪ್ಪಿ ಕಾಫಿಯ ರಾಶಿಗೆ ಬಿತ್ತು. ಹುಡುಕಿ ಎತ್ತಿ, ಅಂಗಿಗೆ ಒರೆಸಿ ತುಂಬಿದರು. ಕಣದ ಮಧ್ಯಕ್ಕೆ ಹೋಗಿ ಮನೆಗೆ ಬೆನ್ನು ಮಾಡಿ ನಿಂತರು. ಒಂದು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ಇನ್ನೊಂದು.

ಸದ್ದು ಎದುರಿನ ಗುಡ್ಡಕ್ಕೆ ಹೋಗಿ ತಿರುಗಿ ಬಂತು. ನಾಯಿಗಳು ಬೊಗಳಿದವು. ಆಮೇಲೆ ಅವೂ ನಿಂತವು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಮನೆಯೊಳಗಿನ ಫೋನು ಬಡಿದುಕೊಳ್ಳತೊಡಗಿತು. ಚೆಂಗಪ್ಪ ಹೋಗಿ ಎತ್ತಿ, ಇಲ್ಲ, ಇಲ್ಲ, ಇದ್ದಾರೆ, ಎಂದು ಇಟ್ಟರು. ಮತ್ತೆ ಬಡಿಯಿತು. ನನ್ನ ಫೋನಿಗೂ ಒಂದು ಬಂತು. ತೀರ್ಥಪ್ರಸಾದ್.

"ಅಜ್ಜಿ ಹೋದಂತೆ ಅಲಾ? ಈಗ ಯಾರೋ ಹೇಳ್ದೊ."

"ಅಜ್ಜಿ ಇದ್ದಾರೆ ಸಾರ್. ಆ ಹುಲಿ ಅಲ್ಲ. ನಾನು ಬೆಳಿಗ್ಗೆ ಅರ್ಧ ಹೇಳಿದ್ದೆ. ಬಟ್ಟೆಯಲ್ಲಿ ಇರೋದು ಹೆಣ್ಣು ಹುಲಿ." ಈ ಸಲ ಎಲ್ಲವನ್ನೂ ಹೇಳಿದೆ, ಅವರು ಉಸಿರೆಳೆಯಲು ಜಾಗ ಬಿಡದೆ. ಕೊನೆಗೆ ಅವರು ಕೇಳಿದ್ದು ಒಂದೇ: ಜನ ಎಲ್ಲಿದ್ದಾರೆ. ಜೀಪು ತಿರುಗಿಸುವ ಸದ್ದು ಫೋನಿನಲ್ಲೇ ಕೇಳಿಸಿತು.

ಹನ್ನೆರಡಕ್ಕೆ ಸ್ವಲ್ಪ ಮೊದಲು ಇಳಿಜಾರಿನಲ್ಲಿ ತಲೆಬಟ್ಟೆಗಳು ಕಂಡವು. ಕಾಳಿ ಎಲ್ಲರಿಗಿಂತ ಮುಂದೆ, ಏದುಸಿರು ಬಿಡುತ್ತ. ಗೋಣಿಯ ತುಂಡನ್ನು ಬಿಚ್ಚಿಹಾಕಿದ್ದಳು. ಸಾವಿನ ಮನೆಗೆ ಹಾಗೆ ಬರಬಾರದೆಂದೋ ಏನೋ.

"ಅಜ್ಜಿ ಹೋದ್ರಾ ಸಾವ್ಕಾರ್ರೆ?"

"ಹೋಗಿಲ್ಲ" ಎಂದಿತು ಕಿಟಕಿ. "ಎಲ್ಲರೂ ಅಲ್ಲೇ ಕೂತ್ಕೊಳ್ಳಿ. ಕಾಫಿ ಮಾಡಿಸ್ತಾರೆ."

ಯಾರಿಗೂ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಲೋಕೇಶ್ ಕೊನೆಗೆ ಬಂದವನು ಬೆವರು ಒರೆಸಿಕೊಳ್ಳುತ್ತ ಎಣಿಸಿದ. ಎರಡು ಸಲ ಎಣಿಸಿದ. "ಇಪ್ಪತ್ತಮೂರು, ನಾನೂ ಸೇರಿ. ಸರಿ ಉಂಟು."

"ಬೊಮ್ಮ?" ಎಂದೆ.

"ಅವ್ನು ನಮ್ ಜೊತೆ ಇರ್ಲಿಲ್ಲ. ಹೊಳೆ ಹತ್ರ ಇಳಿದು ಹೋದ."

ಕಾಳಿ ನನ್ನ ಕಡೆ ತಿರುಗಿದಳು. ಬೆಳಿಗ್ಗೆ ಕಿಟಕಿಯಲ್ಲಿ ನೋಡಿದ ಹಾಗೆಯೇ ನೋಡಿದಳು. ನಾನು ಹೇಳಿದೆ. ಅದು ಬೇರೆ ಹುಲಿ, ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತು.

"ಬಟ್ಟೆ ನಾನು ಸರಿಯಾಗೇ ಕೊಟ್ಟಿದ್ದೆ" ಎಂದಳು. ಅಷ್ಟೆ. ತಿರುಗಿ ಇಳಿಜಾರಿನ ಕಡೆ ನಡೆದಳು. ಲೋಕೇಶ್ ಅಡ್ಡ ನಿಂತ. ಅವಳು ಅವನನ್ನು ತಳ್ಳಿದಳು. ಚೆಂಗಪ್ಪ ಕೋವಿಗೆ ಮತ್ತೆ ಎರಡು ತುಂಬಿ, "ನೀನು ಇರು. ನಾನು ಮುಂದೆ ಹೋಗ್ತೀನಿ" ಎಂದರು. ಲೋಕೇಶ್ ಒಂದು ಕತ್ತಿ ಹುಡುಕಿ ತಂದ. ನಾನೂ ಜೊತೆಗೆ ಹೊರಟೆ, ಯಾರೂ ಬೇಡ ಅನ್ನಲಿಲ್ಲ.

ಕಣ ದಾಟುವುದರೊಳಗೆ ಅವನು ಕಾಣಿಸಿದ. ಓಡುತ್ತಿರಲಿಲ್ಲ. ಅಂಗೈಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಪೂಜೆ ಮುಗಿಸಿ ಬರುವವನ ಹಾಗೆ, ಗಿಡಗಳ ನಡುವಿನ ದಾರಿಯಲ್ಲಿ ಮೆಲ್ಲಗೆ ಹತ್ತಿ ಬಂದ. ಗಂಟು ಕೈಯಲ್ಲಿರಲಿಲ್ಲ. ಕಾಳಿ ನಿಂತಲ್ಲೇ ಕೂತುಬಿಟ್ಟಳು.

ಬೊಮ್ಮ ಅವಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಚೆಂಗಪ್ಪನವರ ಮುಂದೆ ಬಂದು ನಿಂತ. ಅವರ ಕೈಯಲ್ಲಿದ್ದ ಕೋವಿಯನ್ನು ನೋಡಿದ.

"ರಂಗಿಗೆ ಹೊಡೆದ್ರಾ ಸಾವ್ಕಾರ್ರೆ?"

ಲೈನ್ ಮನೆಯವರು ಸತ್ತರೆ ಯಾರೂ ಗುಂಡು ಹೊಡೆಯುವುದಿಲ್ಲ. ಅದು ಅವನಿಗೂ ಗೊತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಅವನು ಕೇಳಿದ. ಮುಖದಲ್ಲಿ ಐದು ದಿನಗಳಲ್ಲಿ ಇಲ್ಲದ ಏನೋ ಒಂದು ಇತ್ತು. ಚೆಂಗಪ್ಪ ಕೋವಿಯನ್ನು ಕೆಳಗಿಳಿಸಿದರು. ಹೂಂ ಎನ್ನುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು.

"ಬೊಮ್ಮ" ಎಂದೆ. "ಬೆಳಿಗ್ಗೆ ನಾನು ಹೌದು ಅಂದೆ. ಅದು ತಪ್ಪು. ಬೋನಿಗೆ ಬಿದ್ದ ಹುಲಿ ರಂಗಮ್ಮನನ್ನು ಕೊಂದಿಲ್ಲ. ಕೊಂದದ್ದು ಅದರ ತಾಯಿ ಇರಬೇಕು. ಅದು ಇನ್ನೂ ಹೊರಗಿದೆ. ನೀನು ಅಲ್ಲಿಗೆ ಹೋಗಬಾರದಿತ್ತು. ನಾನು ಹೇಳಿದ್ದಕ್ಕೆ ಹೋದೆ. ನಿಮ್ಮನ್ನೆಲ್ಲ ವಾಪಸ್ ಕರೆಯೋಕೆ ಗುಂಡು ಹೊಡೆದದ್ದು."

ಅವನು ಪೂರ್ತಿ ಕೇಳಿಸಿಕೊಂಡ. ಅವಸರ ಇಲ್ಲದವನಂತೆ ಕೇಳಿಸಿಕೊಂಡ.

"ಎರಡನೇದು ಹೊಡೆದಾಗ ಹೊಳೆ ಆಚೆ ಬಿದಿರು ಅಲ್ಲಾಡ್ತು" ಎಂದ. "ಏನೋ ಎದ್ದು ಹೋಯ್ತು. ನಾನು ನೋಡ್ಲಿಲ್ಲ. ಅವಳಿಗೆ ಅಂತ ತಲೆ ಬಗ್ಗಿಸಿ ನಿಂತಿದ್ದೆ."

ಹಿಂದೆ ಯಾರೋ ಹೆಂಗಸು ಏನೋ ಪಿಸುಗುಟ್ಟಿದಳು. ಬೊಮ್ಮ ಇನ್ನೂ ಚೆಂಗಪ್ಪನವರನ್ನೇ ನೋಡುತ್ತಿದ್ದ. ಕೇಳಿದ ಪ್ರಶ್ನೆಗೆ ಅವರಿಂದ ಉತ್ತರ ಬಂದಿರಲಿಲ್ಲ.

"ಅಲ್ಲ ಬೊಮ್ಮ" ಎಂದರು ಅವರು. "ಅವಳಿಗೆ ಹೊಡೀಲಿಲ್ಲ."

ಬೊಮ್ಮ ತಲೆಯಾಡಿಸಿದ. ಅವರಿಗೂ ನನಗೂ ಸೇರಿಸಿ, ಒಮ್ಮೆ.